ಐವತ್ತೊಂದು ನಿಮಿಷ

ಮಾರ್ಚ್ ೪, ಸೋಮವಾರ

ಕಾಲಿಗೆ ಪ್ಲಾಸ್ಟರ್ ಹಾಕಿ ನಾಲ್ಕು ದಿನವಾಯಿತು. ಮೂವತ್ತೆಂಟು ದಿನ ಬಾಕಿ. ಮೂವತ್ತೊಂದು ವರ್ಷ ಲಾಂಚ್ ನಡೆಸಿದವನು, ಬಿರುಗಾಳಿಯಲ್ಲೂ ಜಾರದವನು, ಒಳ್ಳೆ ಬಿಸಿಲಿನ ಬೆಳಿಗ್ಗೆ ನನ್ನದೇ ಹಲಗೆಯ ಮೇಲೆ ನಲವತ್ತೊಂದು ಜನರ ಎದುರಿಗೆ ಬಿದ್ದೆ. ನಲವತ್ತೊಂದು ಎಂದು ಹೇಗೆ ಗೊತ್ತೆಂದರೆ ಬೀಳುವ ಮುಂಚೆ ಎಣಿಸಿ ಮುಗಿಸಿದ್ದೆ. ನಕ್ಕವರು ಮೂವರು. ಅವರನ್ನು ಬಿದ್ದ ಮೇಲೆ ಎಣಿಸಿದೆ.

ಆರು ವಾರ ಲಾಂಚಿನಲ್ಲಿ ಕೆಲಸ ಮಾಡಕೂಡದು ಎಂದು ಮೂಳೆ ಡಾಕ್ಟರ ಅಪ್ಪಣೆ. ನಮ್ಮ ಮನೆಯ ಕಿಟಕಿಯಿಂದ ಜೆಟ್ಟಿ ಕಾಣುತ್ತದೆ. ಮೂರು ದಿನ ಕಿಟಕಿಯಲ್ಲಿ ಕೂತು "ಹಗ್ಗ ಬಿಚ್ರೋ! ಹಿಂದಕ್ಕೆ ತಗೊಳ್ರೋ!" ಎಂದು ಕೂಗಿದೆ. ಇವತ್ತು ಹೆಂಡತಿ ಒಂದು ಖಾಲಿ ಪುಸ್ತಕ ತಂದು ಮಡಿಲಿಗೆ ಹಾಕಿದಳು.

"ಏನಿದು?"

"ಕೂಗೋದನ್ನೆಲ್ಲ ಇದರಲ್ಲಿ ಬರೀರಿ. ನನ್ನ ಕಿವಿಗೂ ಸ್ವಲ್ಪ ರಜಾ ಸಿಗ್ಲಿ."

ಪುಸ್ತಕ ನನ್ನ ಲಾಂಚಿನ ಪುಸ್ತಕಗಳ ಮಾದರಿಯದೇ. ಅವುಗಳಲ್ಲಿ ದಡದಿಂದ ದಡಕ್ಕೆ ಹೋದ ಒಂದೊಂದು ಸಲಕ್ಕೂ ಒಂದು ಸಾಲು: ತಾರೀಕು, ಎಷ್ಟು ಜನ, ಎಷ್ಟು ನಿಮಿಷ, ಎಷ್ಟು ಲೀಟರ್ ಡೀಸೆಲ್. ಅಂಥವು ಅರವತ್ತೆರಡು ಪುಸ್ತಕ ಟ್ರಂಕಿನಲ್ಲಿವೆ. ಏಳನೇ ಕ್ಲಾಸು ಓದಿ, ಇದೇ ಜೆಟ್ಟಿಯಲ್ಲಿ ಮೂಟೆ ಹೊತ್ತು ಮೇಲೆ ಬಂದವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ? ಲಾಂಚ್ ನನ್ನದು, ಚುಕ್ಕಾಣಿ ಬೇರೆಯವರದು, ಗಡಿಯಾರ ನನ್ನದು. ಜೆಟ್ಟಿಯ ತುದಿಯಲ್ಲಿ ಹಳದಿ ಬೋರ್ಡಿದೆ: "ಆ ದಡಕ್ಕೆ ೫೧ ನಿಮಿಷ". ಐವತ್ತಲ್ಲ, ಐವತ್ತೈದಲ್ಲ. "ಸುಮಾರು" ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಆ ಬೋರ್ಡು ಬರೆದ ಕೈಯ ವಿಷಯ ಮಾತ್ರ ಇಲ್ಲಿ ಬೇಡ.

ಮಾರ್ಚ್ ೬, ಬುಧವಾರ

ಬೇಡ ಎಂದದ್ದೇ ಮನೆಗೆ ನಡೆದು ಬಂತು. ಬಾಗಿಲಲ್ಲಿ ಗುಬ್ಬಿ.

ಗುಬ್ಬಿ ನನ್ನ ಹೆಂಡತಿಯ ಅಣ್ಣನ ಮಗಳು. ಚಿಕ್ಕವಳಿದ್ದಾಗ ಲಾಂಚಿನ ಕಂಬಿಯ ಮೇಲೆ ಕೂತು ಕಾಲಾಡಿಸುತ್ತಿದ್ದಳೆಂದು ಆ ಹೆಸರು ನಾನೇ ಇಟ್ಟದ್ದು. ಈಗ ಮೂವತ್ತೆರಡು ವರ್ಷ, ಸಮುದ್ರದ ಮೇಲೆ ಡಾಕ್ಟರೇಟ್. ಅವಳಪ್ಪ, ಬೋರ್ಡು ಬರೆದ ಆ ಮನುಷ್ಯ, ಇಪ್ಪತ್ತಾರು ವರ್ಷ ನನ್ನ ಲಾಂಚಿನ ಚುಕ್ಕಾಣಿ ಹಿಡಿದಿದ್ದ. ಐದು ವರ್ಷದ ಹಿಂದೆ ನಾನೇ ಇಳಿಸಿದೆ. ಬೋರ್ಡು ಐವತ್ತೊಂದು ಅನ್ನುತ್ತಿದ್ದರೆ ಇವನು ಐವತ್ತೆಂಟಕ್ಕೆ ಮುಟ್ಟಿಸುತ್ತಿದ್ದ. ಕೇಳಿದರೆ "ನೀರು ಬದಲಾಗಿದೆ" ಎಂದ. ಬದಲಾದದ್ದು ನೀರಲ್ಲ, ನಿನ್ನ ಕೈ ಎಂದೆ ನಾನು. ನನ್ನ ಪುಸ್ತಕದಲ್ಲಿ ನೀರಿಗೆ ಖಾನೆ ಇಲ್ಲ ಎಂದೂ ಹೇಳಿದೆ. ಜೆಟ್ಟಿಯ ಜನವೆಲ್ಲ ನಕ್ಕರು. ಅವನು ಟೋಪಿ ತೆಗೆದು ಚುಕ್ಕಾಣಿಗೆ ನೇತು ಹಾಕಿ ಇಳಿದು ಹೋದ. ಈಗ ಆ ದಡದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತಿಲ್ಲ, ಕತೆಯಿಲ್ಲ. ನನ್ನ ಹೆಂಡತಿ ತಿಂಗಳ ಮೊದಲ ಭಾನುವಾರ ಏನೋ ಕೆಲಸವೆಂದು ಆ ದಡಕ್ಕೆ ಹೋಗುತ್ತಾಳೆ. ಏನು ಕೆಲಸವೆಂದು ನಾನು ಕೇಳುವುದಿಲ್ಲ. ಪುಸ್ತಕದಲ್ಲಿ ಮಾತ್ರ "೩೭ + ೧" ಎಂದು ಬರೆಯುತ್ತೇನೆ.

ಅಂಥವನ ಮಗಳು ಬಂದು ನನ್ನ ಎದುರು ಕುರ್ಚಿ ಎಳೆದುಕೊಂಡಳು.

"ಮಾವ, ನಿಮ್ಮ ಪುಸ್ತಕಗಳು ಬೇಕಿತ್ತು."

"ಎಷ್ಟನೇ ಇಸವೀದು?"

"ಅರವತ್ತೆರಡೂ."

ನಾವು "ಕಂಡಿ" ಎನ್ನುವ ಈ ನೀರಿಗೆ ಅವಳ ಕಾಗದದಲ್ಲಿ ಜಲಸಂಧಿ ಎಂದು ಹೆಸರು. ಮೂವತ್ತು ವರ್ಷದಲ್ಲಿ ಇದರ ಹರಿವು ಬದಲಾಗಿದೆಯೋ ಇಲ್ಲವೋ ಎಂದು ಉಪಗ್ರಹದ ಮಾಹಿತಿಯಿಂದ ಪತ್ತೆ ಮಾಡುವುದು ಅವಳ ಕೆಲಸವಂತೆ. ಆಕಾಶದಿಂದ ಅಳೆದದ್ದನ್ನು ತಾಳೆ ನೋಡಲು ನೀರಿನ ಮೇಲೆ ಅಳೆದದ್ದು ಏನಾದರೂ ಬೇಕು.

"ಇಲ್ಲಿ ದಿನಾ ಅಳೆದು ಬರೆದಿಟ್ಟವರು ನೀವೊಬ್ಬರೇ ಮಾವ."

ಮಾತಿನಲ್ಲಿ ಬೆಣ್ಣೆ ಇತ್ತು. ನಾನೂ ಬೆಣ್ಣೆ ಮಾರಿದವನೇ. "ನಿಮ್ಮಪ್ಪ ಕಳಿಸಿದನಾ?"

"ಅಪ್ಪನಿಗೆ ಹೇಳಿದ್ರೆ, ಆ ಗಡಿಯಾರದ ಮನೆಗೆ ಕಾಲಿಡಬೇಡ ಅಂತಿದ್ರು. ಹೇಳೇ ಇಲ್ಲ."

"ಅವನ ಮಾತು ನಿಜ ಮಾಡೋಕೆ ಬಂದಿದ್ದೀಯಾ?"

"ನಿಜ ಯಾವುದೋ ಅದನ್ನ ನೋಡೋಕೆ ಬಂದಿದ್ದೀನಿ. ಅದು ನಿಮ್ಮ ಕಡೆ ಬಿದ್ರೆ ಮೊದಲು ನಿಮಗೇ ಹೇಳ್ತೀನಿ."

ಹೆಂಡತಿ ಚಹಾ ತಂದಳು, ಅಲಮಾರಿನ ಮೇಲಿನ ಹಲಗೆಯ ಕಪ್ಪುಗಳಲ್ಲಿ. ಅವು ಇಳಿದು ಐದು ವರ್ಷವಾಗಿತ್ತು.

ಮಾರ್ಚ್ ೭, ಗುರುವಾರ

ಕೊಡುತ್ತೇನೆ, ಆದರೆ ಪುಸ್ತಕ ನನ್ನ ಕಣ್ಣು ತಪ್ಪಿ ಎಲ್ಲಿಗೂ ಹೋಗಕೂಡದು ಎಂದೆ. ಹಾಗಾದರೆ ನೀವೇ ಜೊತೆಗೆ ಬನ್ನಿ ಎಂದಳು. ನನ್ನ ಪುಸ್ತಕ ನನ್ನ ವಿರುದ್ಧ ಸಾಕ್ಷಿ ಹೇಳುವುದಿಲ್ಲ ಎಂಬ ಧೈರ್ಯ ನನಗಿದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಮಾರ್ಚ್ ೯, ಶನಿವಾರ

ಬಂದರು ಕಚೇರಿಯ ಮಹಡಿಯಲ್ಲಿ ಅವಳಿಗೆ ಒಂದು ಕೋಣೆ ಕೊಟ್ಟಿದ್ದಾರೆ. ಹದಿನೇಳು ಮೆಟ್ಟಿಲು. ಊರುಗೋಲಿನಲ್ಲಿ ಹತ್ತಲು ಒಂಬತ್ತು ನಿಮಿಷ. ಒಳಗೆ ಎರಡು ಕಂಪ್ಯೂಟರ್, ಕುಂಟುವ ಮೇಜು (ನನ್ನಂತೆಯೇ, ಅದರ ಕಾಲಿಗೂ ಮಡಿಸಿದ ಕಾಗದ ಕಟ್ಟಿದ್ದಾರೆ), ಗೋಡೆಗೆ ಕಂಡಿಯ ನಕ್ಷೆ.

ಉಪಗ್ರಹಗಳಲ್ಲಿ ಎರಡು ಬಗೆ ಎಂದಳು. ಒಂದು ಕೇಳಿಸಿಕೊಳ್ಳುತ್ತದೆ, ಇನ್ನೊಂದು ನೋಡುತ್ತದೆ. ಕೇಳಿಸಿಕೊಳ್ಳುವುದು ಸಾವಿರದ ಮುನ್ನೂರು ಕಿಲೋಮೀಟರ್ ಮೇಲಿಂದ ರೇಡಾರಿನ ಒಂದು ಕೂಗು ಹಾಕಿ, ಸಮುದ್ರದಿಂದ ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ನೀರಿನ ಎತ್ತರ ಹೇಳುತ್ತದಂತೆ. ಅದೂ ಎರಡು ಬೆರಳಿನಷ್ಟು ಕರಾರುವಾಕ್ಕಾಗಿ.

"ನಮ್ಮ ದರ್ಜಿ ಮೈಗೆ ಟೇಪು ಹಚ್ಚಿ ಅಳೆದ್ರೂ ಪ್ಯಾಂಟು ಎರಡು ಬೆರಳು ಗಿಡ್ಡ ಆಗುತ್ತೆ" ಎಂದೆ.

"ನಿಮ್ಮ ದರ್ಜಿ ಹತ್ತು ದಿನಕ್ಕೊಂದು ಸಲ ಬಂದು ಮತ್ತೆ ಅಳೀತಾನಾ? ಇದು ಬರುತ್ತೆ."

"ಸರಿ, ಎತ್ತರ ಯಾಕೆ ಬೇಕು? ನೀರು ಮಟ್ಟವಾಗಿ ತಾನೆ ಇರುತ್ತೆ?"

ಇರುವುದಿಲ್ಲವಂತೆ. ಭೂಮಿ ತಿರುಗುವುದರಿಂದ ಹರಿಯುವ ನೀರು ಒಂದು ದಡಕ್ಕೆ ಒರಗುತ್ತದಂತೆ. ಹರಿವು ಜೋರಾದಷ್ಟೂ ಹೆಚ್ಚು ಒರಗುತ್ತದೆ. ಎಷ್ಟು ಒರಗಿದೆ ಎಂದು ತಿಳಿದರೆ ಎಷ್ಟು ಜೋರು ಎಂದು ಹೇಳಬಹುದು. ಇದು ನನಗೆ ತಟ್ಟನೆ ಹಿಡಿಸಿತು. ಡಾಲ್ಫಿನ್ ಕಂಡರೆ ಜನವೆಲ್ಲ ಒಂದೇ ಪಕ್ಕಕ್ಕೆ ಓಡುತ್ತಾರೆ, ಲಾಂಚ್ ಒರಗುತ್ತದೆ. ಆ ಒರಗು ನೋಡಿಯೇ ನಾನು ಎಷ್ಟು ಜನರಿದ್ದಾರೆ ಎಂದು ಹೇಳಬಲ್ಲೆ.

ಮನೆಗೆ ಬಂದು ತಟ್ಟೆಯಲ್ಲಿ ನೀರು ಹಾಕಿ, ತಿರುಗುವ ಸ್ಟೂಲಿನ ಮೇಲಿಟ್ಟು, ಸುತ್ತಿಸಿ ನೋಡಿದೆ. ನೀರು ನಿಜವಾಗಿಯೂ ಅಂಚಿಗೆ ಏರಿತು. ಆಮೇಲೆ ನೆಲಕ್ಕೆ ಇಳಿಯಿತು.

"ಒಂದು ಕಾಲು ಮುರ್ಕೊಂಡದ್ದು ಸಾಲದು ಅಂತ ನನ್ನ ಕಾಲೂ ಮುರಿಯೋ ಯೋಚನೆನಾ?" ಎಂದು ಹೆಂಡತಿ ಒರೆಸುವ ಬಟ್ಟೆ ತಂದಳು. ಆದರೆ "ಇನ್ನೊಂದ್ಸಲ ಸುತ್ತಿಸಿ, ನಾನು ನೋಡ್ಲೇ ಇಲ್ಲ" ಎಂದವಳೂ ಅವಳೇ.

ಮಾರ್ಚ್ ೧೩, ಬುಧವಾರ

ನಾನು ಓದುವುದು, ಗುಬ್ಬಿ ಕಂಪ್ಯೂಟರಿಗೆ ತುಂಬುವುದು. ಐವತ್ತೊಂದು, ಐವತ್ತೊಂದು, ಐವತ್ತು, ಐವತ್ತೊಂದು. ಇಪ್ಪತ್ತೈದು ವರ್ಷ ಹೀಗೇ, ಅಚ್ಚು ಹೊಡೆದ ಹಾಗೆ. ಕೇಳುವವರಿಗೆ ನಿದ್ದೆ ಬರಬೇಕು, ಅವಳಿಗೆ ಬರಲಿಲ್ಲ. "ಎಷ್ಟು ಚೆನ್ನಾಗಿ ನಡೆಸಿದ್ದಾರೆ!" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಪುಸ್ತಕ ಬರೆದವನನ್ನು ಹೊಗಳಿದಳೋ ಚುಕ್ಕಾಣಿ ಹಿಡಿದವನನ್ನೋ, ನಾನು ವಿಚಾರಿಸಲಿಲ್ಲ.

ಆರು ವರ್ಷದ ಹಿಂದಿನ ಪುಸ್ತಕ ಬಂತು. ಐವತ್ಮೂರು. ಐವತ್ತೈದು. ಐವತ್ತೇಳು. ಐವತ್ತೆಂಟು. ಒಂದೊಂದಕ್ಕೂ ಸುತ್ತ ಕೆಂಪು ಶಾಯಿ, ಪಕ್ಕದಲ್ಲಿ "ತಡ". ಒಂದು ಕಡೆ "ತಡ, ದೃಶ್ಯ ನೋಡುತ್ತಾ ಸುತ್ತಿ ಬಂದ" ಎಂದೂ ಬರೆದಿದ್ದೇನೆ. ಆ ದಡದ ಗೂನುಗುಡ್ಡದ ಹತ್ತಿರ ಅವನು ನೇರ ದಾರಿ ಬಿಟ್ಟು, ಮೊದಲೇ ಮೇಲಕ್ಕೆ ಹೋಗಿ, ಬಾಗಿಸಿ ಇಳಿಸುತ್ತಿದ್ದ. ಗುಬ್ಬಿಗೆ ಅದನ್ನೂ ಓದಿ ಹೇಳಬೇಕಾಯಿತು. ಸ್ವಲ್ಪ ಮೆಲ್ಲಗೆ ಓದಿದೆ.

"ಕೇಳಿಸ್ಲಿಲ್ಲ ಮಾವ."

"ತಡ. ತಡ ಅಂತ ಬರೆದಿದೆ. ಬರ್ಕೋ."

ಮಾರ್ಚ್ ೧೮, ಸೋಮವಾರ

ಗೆದ್ದೆ!

ಗುಬ್ಬಿ ಮನೆಗೇ ಬಂದು ಹೇಳಿದಳು. ಮೂವತ್ತು ವರ್ಷದ ಎತ್ತರದ ಅಂಕಿಗಳನ್ನೆಲ್ಲ ನೋಡಿದಳಂತೆ. ಕಂಡಿಯಲ್ಲಿ ನೀರು ಹಿಂದೆ ಹೇಗಿತ್ತೋ ಈಗಲೂ ಹಾಗೇ ಇದೆ. ಹರಿವಿನಲ್ಲಿ ಬದಲಾವಣೆ ಕಾಣುವುದಿಲ್ಲ. "ನಿಮ್ಮ ಕಡೆ ಬಿದ್ರೆ ಮೊದಲು ನಿಮಗೇ ಹೇಳ್ತೀನಿ ಅಂದಿದ್ನಲ್ಲ" ಎಂದಳು. ಮುಖ ಸಣ್ಣದಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. ಇಂಥ ಸುದ್ದಿಯನ್ನು ಎದುರಾಳಿಯ ಮನೆಗೆ ಹೊತ್ತು ತರುವವರು ಎಷ್ಟು ಜನ ಸಿಗುತ್ತಾರೆ? ನಾನಾಗಿದ್ದರೆ ಕಾಗದದಲ್ಲಿ ಬರೆದು ಕಳಿಸುತ್ತಿದ್ದೆ.

ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಕೇಳಿದ್ಯಾ? ಆಕಾಶದಿಂದ್ಲೇ ಸಾಕ್ಷಿ ಬಂತು. ನೀರು ಬದಲಾಗಿಲ್ಲ."

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ನಿಲ್ಲಿಸಲಿಲ್ಲ. "ಸರಿ. ಹಾಗಾದ್ರೆ ಮುಗೀತಲ್ಲ" ಎಂದಳು.

ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ ೧೯, ಮಂಗಳವಾರ

ಪ್ಲಾಸ್ಟರಿನ ಒಳಗೆ ಕೆರೆತ. ಬೆರಳು ಹೋಗುವುದಿಲ್ಲ, ಹೆಣಿಗೆಯ ಕಡ್ಡಿಯೂ ಮುಟ್ಟುವುದಿಲ್ಲ.

ಇನ್ನೊಂದು ಕೆರೆತ ತಲೆಯಲ್ಲಿ. ಆ ಉಪಗ್ರಹ ಕಂಡಿಯ ಯಾವ ಜಾಗ ನೋಡಿತು? ಕೇಳುವುದಕ್ಕೇ ಮರೆತೆ.

ಮಾರ್ಚ್ ೨೦, ಬುಧವಾರ

ಹದಿನೇಳು ಮೆಟ್ಟಿಲು, ಏಳು ನಿಮಿಷ. ಗುಬ್ಬಿ ಪೆಟ್ಟಿಗೆಗೆ ಕಾಗದ ತುಂಬುತ್ತಿದ್ದಳು. ಮುಂದಿನ ವಾರ ಹೊರಡುವವಳಿದ್ದಳು.

"ನಕ್ಷೆಯಲ್ಲಿ ತೋರ್ಸು, ನಿನ್ನ ಉಪಗ್ರಹ ಎಲ್ಲೆಲ್ಲಿ ಅಳೆದಿದೆ?"

ಪೆನ್ಸಿಲಿನಿಂದ ತೋರಿಸಿದಳು. ಕಂಡಿಯ ಅಗಲ ಹದಿನಾಲ್ಕು ಕಿಲೋಮೀಟರ್. ಚುಕ್ಕಿಗಳೆಲ್ಲ ನಡುವಿನ ನಾಲ್ಕರಲ್ಲಿ.

"ಈ ಕಡೆ ಐದು, ಆ ಕಡೆ ಐದು, ಖಾಲಿ ಯಾಕೆ?"

"ದಡದ ಹತ್ತಿರ ಪ್ರತಿಧ್ವನಿ ಕೆಡುತ್ತೆ ಮಾವ. ಸಮುದ್ರದ್ದರ ಜೊತೆ ಗುಡ್ಡದ್ದೂ ಸೇರ್ಕೊಂಡು ಬರುತ್ತೆ."

"ನಾನು ಹೆಂಡತಿನ ಏನಾದ್ರೂ ಕೇಳಿದ್ರೆ ಪಕ್ಕದ ಮನೆಯವಳೂ ಉತ್ತರ ಕೊಟ್ಟ ಹಾಗೆ."

"ಹೌದು, ಹಾಗೇ. ಅದಕ್ಕೆ ಅಂಥವಕ್ಕೆಲ್ಲ 'ಸಂಶಯ' ಅಂತ ಗುರುತು ಬಿದ್ದಿರುತ್ತೆ. ಎಲ್ರೂ ಅವನ್ನ ಬಿಟ್ಟೇ ಲೆಕ್ಕ ಮಾಡೋದು."

"ಗುರುತು ಹಾಕಿದ್ದು ಯಾರು?"

"ಕಂಪ್ಯೂಟರ್."

"ಯಾರಾದ್ರೂ ತೆಗೆದು ನೋಡಿದ್ದಾರಾ?"

ಅವಳು ಪೆನ್ಸಿಲು ಕೆಳಗಿಟ್ಟು ನಕ್ಷೆಯ ಖಾಲಿ ಜಾಗ ನೋಡಿದಳು. ನಾನು ಊರುಗೋಲು ಎತ್ತಿ ಗೂನುಗುಡ್ಡದ ಮೇಲಿಟ್ಟೆ. "ಲಾಂಚ್ ಏಗೋದು ಇಲ್ಲಿ. ಏಳು ನಿಮಿಷ ಕಳೆದು ಹೋದದ್ದೂ ಇಲ್ಲೇ. ನೀನು ಹುಡುಕ್ತಾ ಇರೋ ಜಾಗ ಬಿಟ್ಟು ಬೇರೆಲ್ಲ ಕಡೆ ಹುಡುಕಿದ್ದೀಯಲ್ಲೇ! ಪುಟದ ಮೇಲೆ ಚಹಾ ಚೆಲ್ಲಿತು ಅಂತ ನಾನು ಒಂದು ಹಾಳೆನಾದ್ರೂ ಹರಿದು ಬಿಸಾಕಿದ್ದೀನಾ?"

"ಮಾವ," ಎಂದಳು, "ನೀವು ಏನು ಕೇಳ್ತಾ ಇದ್ದೀರಿ ಅಂತ ನಿಮಗೆ ಗೊತ್ತಾ? ಸೋಮವಾರ ನೀವು ಗೆದ್ದಾಗಿದೆ."

"ಗೆದ್ದೆ, ಗೆದ್ದೆ. ಅದು ಬೇರೆ ವಿಷಯ. ಅಲ್ಲಿ ಏನಿದೆ ಅಂತ ನೋಡೋದ್ರಲ್ಲಿ ತಪ್ಪೇನು?"

ಪೆಟ್ಟಿಗೆಯಿಂದ ಕಾಗದ ಮತ್ತೆ ಹೊರಗೆ ಬಂತು.

ಮಾರ್ಚ್ ೨೬, ಮಂಗಳವಾರ

ಕೆಲಸ ಸಿಕ್ಕಿದೆ! ಪ್ರತಿಧ್ವನಿಗೆ ಒಂದು ಆಕಾರ ಇದೆ. ಸಮುದ್ರ ಒಂದೇ ಇದ್ದರೆ ಗೆರೆ ಕಡಿದಾಗಿ ಏರಿ, ನಿಧಾನವಾಗಿ ಇಳಿಯುತ್ತದೆ. ಗುಡ್ಡ ಸೇರಿಕೊಂಡರೆ ಇಳಿಜಾರಿನಲ್ಲಿ ಒಂದು ಗುಬುಟು, ಅಂದರೆ ಸಣ್ಣ ಉಬ್ಬು. ಗುಬುಟು ಎಲ್ಲಿದೆ ಎಂದು ಕಂಡರೆ ಅದನ್ನು ಬಿಟ್ಟು ಸಮುದ್ರದ ಏರನ್ನು ಮಾತ್ರ ಅಳೆಯಬಹುದು. ಕಂಪ್ಯೂಟರಿಗೆ ಕಲಿಸಬೇಕು, ಅದಕ್ಕೆ ಮುಂಚೆ ಒಬ್ಬ ಮನುಷ್ಯ ಕೆಲವು ನೂರನ್ನಾದರೂ ಕಣ್ಣಿನಿಂದ ವಿಂಗಡಿಸಬೇಕು. ಆ ಮನುಷ್ಯ ನಾನು. ಗುಬ್ಬಿ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಾಳೆ, ನಾನು ಊಟದ ಮೇಜಿನ ಮೇಲೆ ಮೂರು ಗುಡ್ಡೆ ಮಾಡುತ್ತೇನೆ: ಒಳ್ಳೆಯದು, ಗುಬುಟಿನದು, ಕೆಟ್ಟುಹೋದದ್ದು. ಇವತ್ತಿಗೆ ಆರುನೂರ ನಲವತ್ತು. ಮೂಟೆ ಎಣಿಸುತ್ತಿದ್ದ ಕಾಲದಲ್ಲೂ ಇಷ್ಟು ಖುಷಿಯಿರಲಿಲ್ಲ.

ಹೆಂಡತಿ ಊಟವನ್ನು ಕಿಟಕಿಯ ಕಟ್ಟೆಯ ಮೇಲೆ ಬಡಿಸುತ್ತಿದ್ದಾಳೆ. ಇವತ್ತು ಅವಳೂ ಒಂದು ಕಾಗದ ಎತ್ತಿ ನೋಡಿದಳು. "ಇದು ಗುಬುಟಿನದು. ಇದನ್ನ ಯಾಕೆ ಒಳ್ಳೇದರಲ್ಲಿ ಹಾಕಿದ್ದೀರಿ?"

ನೋಡಿದೆ. ಹೌದು, ಸಣ್ಣ ಗುಬುಟು. ಇವಳ ಅಣ್ಣ, ನಮ್ಮ ಭಾವನಿಗೂ ಇಂಥ ಕಣ್ಣೇ ಇತ್ತು. ಮಂಜಿನಲ್ಲಿ ತೇಲುವ ಮರದ ದಿಮ್ಮಿಯನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದರು.

ಕಿಟಕಿಯಿಂದ ಕೂಗುವುದು ನಿಂತಿದೆಯೆಂದು ಹೆಂಡತಿ ಹೇಳುತ್ತಾಳೆ. ನನಗೆ ಪುರುಸೊತ್ತೆಲ್ಲಿ?

ಏಪ್ರಿಲ್ ೧, ಸೋಮವಾರ

ಎತ್ತರದ ಲೆಕ್ಕ ಕಂಪ್ಯೂಟರಿನಲ್ಲಿ ಬೇಯುತ್ತಿದೆ. ಅಷ್ಟರಲ್ಲಿ ಗುಬ್ಬಿ ನೋಡುವ ಉಪಗ್ರಹದ ಚಿತ್ರಗಳನ್ನು ತೆರೆದಳು. ಅದು ನೀರಿನ ಬಿಸಿ ನೋಡುತ್ತದೆ. ಬೆಚ್ಚಗಿನದು ಕೆಂಪು, ತಣ್ಣಗಿನದು ನೀಲಿ. ವರ್ಷಕ್ಕೊಂದು ಚಿತ್ರ, ಒಂದೇ ತಿಂಗಳಿನದು, ಸಾಲಾಗಿ.

ಹಳೆಯವೆಲ್ಲ ದಡದಿಂದ ದಡಕ್ಕೆ ಒಂದೇ ಕೆಂಪು. ಆರು ವರ್ಷದ ಹಿಂದಿನ ಚಿತ್ರದಲ್ಲಿ ಗೂನುಗುಡ್ಡದ ಬುಡಕ್ಕೆ ಉಗುರಿನಷ್ಟು ನೀಲಿ. ಮರುವರ್ಷ ಅದು ನಾಲಿಗೆಯ ಹಾಗೆ ಉದ್ದವಾಗಿದೆ. ಅದರ ಮುಂದಿನ ವರ್ಷ ಆ ದಡದುದ್ದಕ್ಕೂ ನೀಲಿ. ಹರಿವು ಜೋರಾದಾಗ ಅಡಿಯ ತಣ್ಣೀರು ಕಲಕಿ ಮೇಲೆ ಬರುತ್ತದಂತೆ.

ಬಕೆಟ್ ನೆನಪಾಯಿತು.

ಆ ವರ್ಷ ಒಂದು ದಿನ ಗೂನುಗುಡ್ಡದ ಹತ್ತಿರ ಭಾವ ಡೆಕ್ ತೊಳೆಯುವ ಬಕೆಟ್ಟಿನಲ್ಲಿ ನೀರು ಸೇದಿ ನನ್ನ ಮುಂದೆ ಇಟ್ಟಿದ್ದರು. "ಕೈ ಇಟ್ಟು ನೋಡಿ. ಈ ಜಾಗದಲ್ಲಿ ನೀರು ಇಷ್ಟು ತಣ್ಣಗೆ ಯಾವತ್ತಾದ್ರೂ ಇತ್ತಾ?" ಎಂದಿದ್ದರು. ನಾನು ಕೈ ಇಡಲಿಲ್ಲ. "ನೀವು ಲಾಂಚ್ ನಡೆಸ್ತಿದ್ದೀರೋ, ಸ್ನಾನಕ್ಕೆ ನೀರು ಕಾಯಿಸ್ತಿದ್ದೀರೋ?" ಎಂದೆ.

ಗುಬ್ಬಿಗೆ ಇದನ್ನು ಹೇಳಲಿಲ್ಲ. ಚಿತ್ರಗಳನ್ನು ಇನ್ನೊಮ್ಮೆ ಮೊದಲಿನಿಂದ ತೋರಿಸು ಎಂದೆ. ಮೂರು ಸಲ ನೋಡಿದೆ.

ಏಪ್ರಿಲ್ ೩, ಬುಧವಾರ

ನಾಲ್ಕು ಬೆರಳು.

ಆ ದಡಕ್ಕೆ ನೀರು ಹಿಂದಿಗಿಂತ ನಾಲ್ಕು ಬೆರಳಿನಷ್ಟು ಹೆಚ್ಚು ಒರಗಿದೆ. ಶುರುವಾದದ್ದು ಆರು ವರ್ಷದ ಹಿಂದೆ. ಗುಬ್ಬಿ ಪರದೆಯ ಮೇಲೆ ಒಂದು ಗೆರೆ ಎಳೆದಳು, ನೀರಿನ ಒರಗು. ಅದರ ಮೇಲೆ ಇನ್ನೊಂದು ಗೆರೆ, ನನ್ನ ನಿಮಿಷಗಳು. ಐವತ್ತೊಂದು ಐವತ್ತೆಂಟಾಗುವ ತಿಂಗಳುಗಳಲ್ಲಿ ಎರಡೂ ಜೊತೆಯಾಗಿ ಮೆಟ್ಟಿಲು ಹತ್ತಿದವು.

ಇಷ್ಟು ವರ್ಷ ಅದರ ಮೇಲೇ ಓಡಾಡಿದ್ದೇನೆ. ನಾಲ್ಕು ಬೆರಳು ಕಾಣಲಿಲ್ಲ. ಸಾವಿರದ ಮುನ್ನೂರು ಕಿಲೋಮೀಟರ್ ಮೇಲಿದ್ದದ್ದಕ್ಕೆ ಕಂಡಿತು. ಚುಕ್ಕಾಣಿಯಲ್ಲಿದ್ದವರಿಗೆ ಕೈಯಲ್ಲೇ ಗೊತ್ತಾಗಿತ್ತು.

ಗುಬ್ಬಿ ನನ್ನ ಮುಖ ನೋಡುತ್ತಿದ್ದಳು. ಖುಷಿಪಡಲು ನನ್ನ ಅಪ್ಪಣೆಗೆ ಕಾಯುತ್ತಿದ್ದ ಹಾಗಿತ್ತು.

"ಆದ್ರೆ ಒಂದು ಗಂಟು ಉಳೀತು" ಎಂದೆ. "ಇಲ್ಲಿ ನೋಡು. ಐದು ವರ್ಷದ ಹಿಂದೆ, ಅವರು ಇಳಿದ ವಾರದಿಂದ ನನ್ನ ಗೆರೆ ಮತ್ತೆ ಐವತ್ತೊಂದಕ್ಕೆ ಬಿದ್ದಿದೆ. ನೀರಿನ ಗೆರೆ ಬಿದ್ದಿಲ್ಲ. ಈಗಿನ ಚಾಲಕ ಅದೇ ನೀರಲ್ಲಿ ಐವತ್ತೊಂದಕ್ಕೆ ಹೇಗೆ ಮುಟ್ತಾನೆ?"

"ನನಗೂ ಅದೇ ಅರ್ಥವಾಗ್ತಿಲ್ಲ ಮಾವ" ಎಂದಳು.

ಆ ಚಾಲಕನನ್ನು ನಾವು ರಾಕೆಟ್ ಎಂದು ಕರೆಯುತ್ತೇವೆ. ಭಾವನ ಜಾಗಕ್ಕೆ ನಾನೇ ಆರಿಸಿ ತಂದವನು. ಉತ್ತರ ಎಲ್ಲೋ ಇರಬೇಕು.

ಏಪ್ರಿಲ್ ೪, ಗುರುವಾರ

ಉತ್ತರ ಪಕ್ಕದ ಖಾನೆಯಲ್ಲೇ ಇತ್ತು. ಲೀಟರ್.

ಭಾವನ ಕಾಲದಲ್ಲಿ ಒಂದು ಸಲಕ್ಕೆ ಹದಿನೆಂಟು ಲೀಟರ್. ನಿಮಿಷ ಏರಿದಾಗಲೂ ಹದಿನೆಂಟೇ. ರಾಕೆಟ್ ಬಂದ ವಾರದಿಂದ ಇಪ್ಪತ್ಮೂರು. ನಾನು ಅಂಚಿನಲ್ಲಿ ಬರೆದಿದ್ದೇನೆ: "ಎಂಜಿನ್‌ಗೆ ವಯಸ್ಸಾಯಿತು." ಎರಡು ಸಲ ಎಂಜಿನ್ ಬಿಚ್ಚಿಸಿದೆ. ಮೆಕ್ಯಾನಿಕ್ ಎರಡು ಸಲವೂ "ಎಂಜಿನ್‌ನಲ್ಲಿ ಏನೂ ಇಲ್ಲ ಸ್ವಾಮಿ" ಎಂದ. ಅವನನ್ನೂ ಬೈದೆ.

ಭಾವ ಸೆಳೆತವನ್ನು ಸುತ್ತಿ ಹೋಗುತ್ತಿದ್ದರು, ಏಳು ನಿಮಿಷ ಕೊಡುತ್ತಿದ್ದರು. ರಾಕೆಟ್ ಅದಕ್ಕೆ ಎದುರಾಗಿ ಎಂಜಿನ್ ಅರಚಿಸಿ ನುಗ್ಗುತ್ತಾನೆ, ಐದು ಲೀಟರ್ ಕೊಡುತ್ತಾನೆ. ಅವನದೂ ತಪ್ಪಲ್ಲ. ಬೋರ್ಡು ನೋಡಿ ಓಡಿಸು ಎಂದವನು ನಾನು.

ನಿಮಿಷದ ಖಾನೆ ಓದಿ ಮನುಷ್ಯನನ್ನು ಬೈದೆ. ಲೀಟರಿನ ಖಾನೆ ಓದಿ ಎಂಜಿನನ್ನು ಬೈದೆ. ಎರಡಕ್ಕೂ ನಡುವೆ ಒಂದು ಗೆರೆಯಷ್ಟೇ ಅಂತರ, ಆ ಗೆರೆಯನ್ನು ಎಳೆದವನೂ ನಾನೇ.

ಏಪ್ರಿಲ್ ೫, ಶುಕ್ರವಾರ

ಬರೆಯಲು ಏನಿಲ್ಲ.

ಏಪ್ರಿಲ್ ೭, ಭಾನುವಾರ

ತಿಂಗಳ ಮೊದಲ ಭಾನುವಾರ. ಹೆಂಡತಿ ಚೀಲ ಹಿಡಿದು ಹೊರಟಳು. ನಾನೂ ಊರುಗೋಲು ತೆಗೆದುಕೊಂಡೆ.

"ಲಾಂಚ್ ಹತ್ತಕೂಡದು ಅಂದಿದ್ದಾರಲ್ರೀ?"

"ಕೆಲಸ ಮಾಡಕೂಡದು ಅಂದಿದ್ದಾರೆ. ಕೂತ್ಕೋಬಾರ್ದು ಅಂದಿಲ್ಲ."

ಅವಳು ಎಲ್ಲಿಗೆ ಎಂದು ಕೇಳಲಿಲ್ಲ. ನಾನು ಇಷ್ಟು ವರ್ಷ ಕೇಳಲಿಲ್ಲವಲ್ಲ, ಹಾಗೆಯೇ.

ಜೆಟ್ಟಿಯ ತುದಿಯಲ್ಲಿ ರಾಕೆಟ್‌ನಿಂದ ಬೋರ್ಡು ಬಿಚ್ಚಿಸಿದೆ. ನಾಲ್ಕು ಬೋಲ್ಟು, ತುಕ್ಕು ಹಿಡಿದಿದ್ದವು. "ಇದನ್ಯಾಕೆ ಬಿಚ್ಚೋದು ಯಜಮಾನ್ರೇ?" ಎಂದ. "ನಿನ್ನ ಕೈ ತಪ್ಪಿ ಬೀಳದ ಹಾಗೆ ಬಿಚ್ಚು, ಸಾಕು" ಎಂದೆ.

ಮೊದಲ ಸಲ ಗಡಿಯಾರ ನೋಡದೆ ಪ್ರಯಾಣಿಕನ ಹಾಗೆ ಕೂತೆ. ಗೂನುಗುಡ್ಡ ಹತ್ತಿರ ಬರುತ್ತಿದ್ದಂತೆ ಎಂಜಿನ್ ಅರಚತೊಡಗಿತು. ಹಲಗೆಯಲ್ಲಿ ನಡುಕ, ಹಲ್ಲಿಗೂ ತಾಗುತ್ತಿತ್ತು. ಇಷ್ಟು ವರ್ಷ ಈ ಹೊತ್ತಿಗೆ ಸರಿಯಾಗಿ ನಾನು ತಲೆ ತಗ್ಗಿಸಿ ಬರೆಯುತ್ತಿರುತ್ತಿದ್ದೆ. ಬಕೆಟ್ ಇಳಿಸಿ ನೀರು ಸೇದಿ ಕೊಡು ಎಂದು ಹೆಂಡತಿಗೆ ಹೇಳಿದೆ. ಅವಳು ಸೇದಿ ಇಟ್ಟಳು. ಕೈ ಇಟ್ಟೆ. ಮೊಣಕೈವರೆಗೂ ಜುಮ್ಮೆಂದಿತು.

"ಯಾಕ್ರೀ, ಕಣ್ಣಲ್ಲಿ ನೀರು?"

"ತಣ್ಣಗಿದೆ" ಎಂದೆ.

ಸೈಕಲ್ ಅಂಗಡಿ ಜೆಟ್ಟಿಯಿಂದ ಇನ್ನೂರು ಹೆಜ್ಜೆ, ಊರುಗೋಲಿನ ಲೆಕ್ಕದಲ್ಲಿ ಮುನ್ನೂರ ಹತ್ತು. ಭಾವ ಸ್ಟ್ಯಾಂಡಿಗೆ ಚಕ್ರ ಹಾಕಿ ತಿರುಗಿಸುತ್ತಾ ಕಡ್ಡಿ ಬಿಗಿ ಮಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ತಂಗಿಯನ್ನು ನೋಡಿ ನಕ್ಕರು, ಹಿಂದೆ ನನ್ನನ್ನು ನೋಡಿ ಮತ್ತೆ ಚಕ್ರ ನೋಡಿದರು.

"ನಿನ್ನ ಗಂಡನಿಗೆ ಸೈಕಲ್ ಬೇಕಂತಾ? ಆ ಕಾಲಲ್ಲಿ ಆಗಲ್ಲ ಅಂತ ಹೇಳು."

ನಾನು ಬೋರ್ಡನ್ನು ಅವರ ಬೆಂಚಿನ ಮೇಲಿಟ್ಟೆ. ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತುಗಳು ಹನ್ನೊಂದು ವಾಕ್ಯ ಇದ್ದವು. ಒಂದೂ ಬರಲಿಲ್ಲ.

"ಇದರಲ್ಲಿ ಅಂಕಿ ತಪ್ಪಿದೆ" ಎಂದೆ. "ಬರೆದವರು ನೀವು. ನೀವೇ ಸರಿಮಾಡ್ಬೇಕು."

"ನಾನು ಬರೆದಾಗ ಸರಿಯಾಗೇ ಇತ್ತು."

"ಹೌದು. ಆಗ ಸರಿಯಾಗೇ ಇತ್ತು."

ಚಕ್ರ ತಿರುಗುತ್ತಲೇ ಇತ್ತು. ಹೆಂಡತಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಈಗ ಎಷ್ಟು ಬರೀಬೇಕಂತೆ?" ಎಂದರು ಭಾವ.

"ನೀವೇ ಹೇಳಿ."

"ನಾನು ಹೇಳಿ ಐದು ವರ್ಷ ಆಯ್ತಲ್ಲ."

"ಆಗ ನಾನು ಬರ್ಕೊಳ್ಳಲಿಲ್ಲ. ಈಗ ಬರ್ಕೊಳ್ತೀನಿ." ಜೇಬಿನಿಂದ ಈ ಪುಸ್ತಕ ತೆಗೆದೆ, ಪೆನ್ನು ತೆಗೆದೆ, ಒಂದು ಕಾಲಿನ ಮೇಲೆ ನಿಂತು ಕಾದೆ.

ಅವರು ಚಕ್ರಕ್ಕೆ ಕೈ ಇಟ್ಟು ನಿಲ್ಲಿಸಿದರು. "ಐವತ್ತೆಂಟು" ಎಂದರು. "ಗೂನುಗುಡ್ಡದ ಹತ್ತಿರ ಸೆಳೆತ ಇದೆ. ನೀರು ತಣ್ಣಗಿದೆ. ಸುತ್ತಿ ಬರಬೇಕು."

ಬರೆದುಕೊಂಡೆ. ಅವರು 'ಸೆಳೆತ' ಅಂದದ್ದನ್ನೂ, 'ತಣ್ಣಗಿದೆ' ಅಂದದ್ದನ್ನೂ ಬಿಡದೆ ಬರೆದುಕೊಂಡೆ. ಬರೆದದ್ದನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

"ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಕೂತ್ಕೊಳ್ಳಿ. ಬಿದ್ರೆ ಇನ್ನೊಂದು ಕಾಲಿಗೂ ನಾನೇ ಕಾರಣ ಅಂತ ಬರೀತೀರಿ."

ಕೂತೆ. ಗುಬ್ಬಿಯ ವಿಷಯ, ಪ್ರತಿಧ್ವನಿಯ ಗುಬುಟಿನ ವಿಷಯ, ನಾಲ್ಕು ಬೆರಳಿನ ವಿಷಯ ಎಲ್ಲ ಹೇಳಿದೆ. "ನನ್ನ ಮಗಳು ನಿಮ್ಮ ಮನೆಯಲ್ಲಿ ಒಂದು ತಿಂಗಳು ಊಟ ಮಾಡಿದ್ಲಾ!" ಎಂದು ಅವರು ತಂಗಿಯ ಕಡೆ ತಿರುಗಿದರು. ಅವಳಿಗೆ ಆಗಲೇ ಎಲ್ಲ ಗೊತ್ತಿದ್ದಂತೆ ಕಂಡಿತು. ಆಮೇಲೆ ಗುಬುಟಿನ ಕಾಗದ ಒಂದನ್ನು ತೋರಿಸಿ ಎಂದರು. ಜೇಬಿನಲ್ಲಿ ಎಂಟು ಇದ್ದವು. ಒಂದೂ ತಪ್ಪದೆ ವಿಂಗಡಿಸಿಬಿಟ್ಟರು.

ಚುಕ್ಕಾಣಿಗೆ ಮತ್ತೆ ಬರುತ್ತೀರಾ ಎಂದು ಹೊರಡುವ ಮುಂಚೆ ಕೇಳಿದೆ.

"ಬೇಡ. ಸೈಕಲ್‌ಗಳು ನನ್ನ ನಿಮಿಷ ಎಣಿಸಲ್ಲ" ಎಂದರು. ಚಕ್ರವನ್ನು ಮತ್ತೆ ತಿರುಗಿಸಿ, "ನಿಮ್ಮ ರಾಕೆಟ್‌ಗೆ ದಾರಿ ತೋರಿಸೋಕೆ ಒಂದು ದಿನ ಬರ್ತೀನಿ. ಬಂದಾಗ ಊಟಕ್ಕೆ ತಂಗಿ ಮನೆಗೆ ಹೋಗ್ತೀನಿ. ನಿಮ್ಮ ಮನೆಗಲ್ಲ" ಎಂದರು.

"ಅದೇ ಮನೆ ಕಣಣ್ಣಾ" ಎಂದಳು ಹೆಂಡತಿ, ನಗುತ್ತಲೋ ಅಳುತ್ತಲೋ.

ಏಪ್ರಿಲ್ ೧೨, ಶುಕ್ರವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕಾಲು ಇನ್ನೊಬ್ಬರದರಂತೆ ತೆಳ್ಳಗಾಗಿದೆ. ಭಾವ ಮೊನ್ನೆಯೇ ಬಂದು ರಾಕೆಟ್ ಪಕ್ಕ ನಿಂತು ದಾರಿ ತೋರಿಸಿ, ಊಟ ಮಾಡಿ, ಬೋರ್ಡನ್ನೂ ಕೊಟ್ಟು ಹೋದರು. ಹಳೆಯ ಹಳದಿಯ ಮೇಲೆ ಅಂಕಿಯ ಜಾಗದಲ್ಲಷ್ಟೇ ಹೊಸ ಬಣ್ಣ. ಕೆಳಗಿನ ಐವತ್ತೊಂದು ಬೆಳಕಿಗೆ ಓರೆಯಾಗಿ ಹಿಡಿದರೆ ಈಗಲೂ ಕಾಣುತ್ತದೆ. ಕಾಣಲಿ ಎಂದೆ. ಗುಬ್ಬಿ ತಾನು ಬರೆಯುವ ವರದಿಯಲ್ಲಿ ಅಳತೆ ಕೊಟ್ಟವರೆಂದು ಇಬ್ಬರ ಹೆಸರು ಹಾಕುತ್ತಾಳಂತೆ. ಯಾರದು ಮೊದಲು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬೆಳಿಗ್ಗೆ ಲಾಂಚಿಗೆ ಹೋದೆ. ಹೊಸ ಪುಸ್ತಕದಲ್ಲಿ ಐದು ಖಾನೆ ಎಳೆದೆ. ಐದನೆಯದು ನೀರು. ಮೊದಲ ಸಾಲು: ಮೂವತ್ತಾರು ಜನ, ಐವತ್ತೆಂಟು ನಿಮಿಷ, ಹದಿನೆಂಟು ಲೀಟರ್, ಗುಡ್ಡದ ಹತ್ತಿರ ತಣ್ಣಗೆ, ಸೆಳೆತ ಇದೆ.

ಮುಂದಿನ ಸಲ ಗೂನುಗುಡ್ಡ ಸುತ್ತುವಾಗ ಹತ್ತಿರದಲ್ಲಿ ಕೂತಿದ್ದ ಒಬ್ಬ, ಕೈಯಲ್ಲಿ ಸೂಟ್‌ಕೇಸು, ಮಾತಿನಲ್ಲಿ ಅವಸರ, ಜೆಟ್ಟಿಯ ಬೋರ್ಡಿನ ಮಾತೆತ್ತಿ ಎಲ್ಲರಿಗೂ ಕೇಳುವಂತೆ ಕೇಳಿದ: "ಏನ್ರೀ ಯಜಮಾನ್ರೇ, ಇಷ್ಟು ವರ್ಷ ಐವತ್ತೊಂದು ನಿಮಿಷಕ್ಕೆ ಹೋಗ್ತಿದ್ರಿ. ಈಗ ಐವತ್ತೆಂಟಾ? ಸೋಮಾರಿಗಳಾಗಿಬಿಟ್ರಾ?"

"ನೀರು ಬದಲಾಗಿದೆ" ಎಂದೆ.

ಅವನು ನಕ್ಕ. ಪಕ್ಕದವರೂ ನಕ್ಕರು. ಎಷ್ಟು ಜನವೆಂದು ಎಣಿಸಲಿಲ್ಲ. ಬಕೆಟ್ ಇಳಿಸಿ ಒಂದಿಷ್ಟು ನೀರು ಸೇದಿ ಅವನ ಮುಂದೆ ಇಟ್ಟೆ.

"ಕೈ ಇಟ್ಟು ನೋಡಿ."